ಗಟ್ಟಿಯಾಗಿ ಓದು

"ನಾಳೆ ಒಂದಿನ ಮಗೂನ ಕಳಿಸಬೇಡಮ್ಮ," ಎಂದರು ಹೆಡ್‌ಮಾಸ್ತರರು.

ಗೇಟಿನ ಒಳಗೆ ಅವರು, ಹೊರಗೆ ಇವಳು. ಮಗ್ಗದ ಶೆಡ್ಡಿನಿಂದ ನೇರವಾಗಿ ಮಗಳನ್ನು ಕರೆದೊಯ್ಯಲು ಬಂದಿದ್ದಳು. ತಲೆ ತುಂಬ ಹತ್ತಿಯ ಧೂಳು, ಹುಬ್ಬಿನ ಮೇಲೂ ಹತ್ತಿ. ಕಿವಿಯೊಳಗೆ ಮಗ್ಗ ಇನ್ನೂ ಬಡಿಯುತ್ತಿತ್ತು. ಅವರ ಮಾತು ಕಿವಿಗೆ ಬೀಳಲಿಲ್ಲ. ತುಟಿ ನೋಡಿ ತಿಳಿದುಕೊಂಡಳು.

"ಯಾಕೆ ಸಾರ್? ಹುಷಾರಾಗೇ ಇದಾಳಲ್ಲ!"

"ಮೆಲ್ಲಗೆ ಮಾತಾಡಮ್ಮ. ನಿನಗೆ ಕೇಳದೇ ಇದ್ರೂ ನನಗೆ ಕೇಳುತ್ತೆ." ಅಕ್ಕಪಕ್ಕ ನೋಡಿ ಅವರು ಗೇಟಿಗೆ ಹತ್ತಿರವಾದರು. "ನಾಳೆ ಶಾಲೆ ತನಿಖೆಗೆ ಸಾಹೇಬರು ಬರ್ತಾರೆ. ಒಂದೊಂದೇ ಮಗೂನ ಎಬ್ಬಿಸಿ ಓದಿಸ್ತಾರೆ. ನಿನ್ನ ಮಗಳು ಪಾಪ, ಹೆದರ್ಕೊಳ್ತಾಳೆ. ಸುಮ್ನೆ ಯಾಕೆ, ಅವಳಿಗೂ ಅವಮಾನ, ನಮಗೂ..."

ಉಳಿದದ್ದನ್ನು ನುಂಗಿಕೊಂಡರು. ಆಮೇಲೆ ಸಮಾಧಾನ ಹೇಳುವವರಂತೆ, "ನಿನಗೊಬ್ಬಳಿಗೇ ಅಲ್ಲ ಬಿಡು. ಮಗ್ಗದ ಕಡೆ ಮಕ್ಕಳಿಗೆಲ್ಲ ಹೇಳಿದೀನಿ," ಎಂದರು.

ಮಗಳು ಅವಳ ಬೆರಳು ಹಿಡಿದು ನಿಂತಿದ್ದಳು. ಮೂರನೇ ಕ್ಲಾಸು. ಹೆಡ್‌ಮಾಸ್ತರರ ಬಾಯನ್ನೇ ನೋಡುತ್ತಿದ್ದಳು. ಆ ನೋಟ ತಾಯಿಗೆ ಗೊತ್ತು. ಅದನ್ನು ಕಲಿಸಿದವಳು ತಾನೇ.

ಮಗ್ಗದ ಶೆಡ್ಡಿನಲ್ಲಿ ಯಾರೂ ಕೂಗುವುದಿಲ್ಲ. ಕೂಗಿದರೆ ಗಂಟಲು ಹರಿಯುತ್ತದೆಯೇ ಹೊರತು ಪಕ್ಕದವಳಿಗೆ ಕೇಳುವುದಿಲ್ಲ. ಸಾಲು ಸಾಲು ಮಗ್ಗ ಒಟ್ಟಿಗೆ ಬಡಿಯುವಾಗ ಸದ್ದು ಕಿವಿಯಿಂದ ಒಳಗೆ ಬರುವುದಿಲ್ಲ, ಪಾದದಿಂದ ಏರಿ ಎದೆಗೆ ಬರುತ್ತದೆ. ಹಾಗಾಗಿ ಅಲ್ಲಿನ ಹೆಂಗಸರು ದನಿಯಿಲ್ಲದೆ ಮಾತಾಡುತ್ತಾರೆ. ಬರೀ ತುಟಿ. ಎಳೆ ಕಡಿದಿದೆ. ನೀರು ಕೊಡು. ನನ್ನ ಮಗ್ಗ ನೋಡ್ಕೋ, ಬಂದೆ. ಒಬ್ಬಳ ಮನೆಯ ಜಗಳ ಈ ತುದಿಯಿಂದ ಆ ತುದಿಗೆ ಒಂದು ಮಾತೂ ಹೊರಗೆ ಬೀಳದೆ ಹೋಗಿ ಮುಟ್ಟುತ್ತಿತ್ತು. ಮೇಸ್ತ್ರಿಯನ್ನು ಅವನ ಮೂಗಿನ ಮುಂದೆಯೇ ಬಯ್ಯುತ್ತಿದ್ದರು. ಅವನು ತನ್ನನ್ನು ನೋಡಿ ನಗುತ್ತಿದ್ದಾರೆಂದು ತಿಳಿದು ಮೀಸೆ ತಿರುವುತ್ತಿದ್ದ.

ಅಂಥಲ್ಲಿ ಈ ಮಗು ಬೆಳೆಯಿತು. ಗಂಡ ಲಾರಿಯ ಮೇಲೆ ಹೋದವನು ಯಾವಾಗ ಬರುವನೋ ಅವನಿಗೇ ಗೊತ್ತಿಲ್ಲ. ಅತ್ತೆಗೆ ಕಾಲು ಹಿಡಿದುಕೊಂಡಿತ್ತು, ಹರಿದಾಡುವ ಮಗುವಿನ ಹಿಂದೆ ಓಡಲಾರರು. ಶೆಡ್ಡಿಗೆ ಅಂಟಿಕೊಂಡೇ ಕೂಸುಗಳಿಗೊಂದು ಕೋಣೆಯಿತ್ತು. ಇರಲೇಬೇಕು ಎಂದು ಸರ್ಕಾರದ ಆಜ್ಞೆ ಇದ್ದುದರಿಂದ ಮಾಲೀಕರು ಮಾಡಿಸಿದ್ದರು. ಕೋಣೆಗೂ ಮಗ್ಗಗಳಿಗೂ ನಡುವೆ ಒಂದು ತಗಡು. ತಗಡಿನ ಮೇಲೆ ಹಸಿರು ಗಿಳಿಯ ಚಿತ್ರ. ಮಗ್ಗ ಬಡಿದಾಗಲೆಲ್ಲ ಗಿಳಿ ನಡುಗುತ್ತಿತ್ತು. ನೋಡಲು ಬಂದ ಅಧಿಕಾರಿಗಳು ಗಿಳಿ ಚೆನ್ನಾಗಿದೆ ಎಂದು ಹೇಳಿ ಹೋದರು.

ಮಗು ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಮಗ್ಗಗಳ ನಡುವೆ ಅತ್ತಿಂದಿತ್ತ ಓಡುವುದು ನೋಡಿ ಹೆಂಗಸರು ಅದಕ್ಕೆ, ನೂಲು ಹೊತ್ತು ಮಗ್ಗದಲ್ಲಿ ಓಡಾಡುವ ಲಾಳಿಯ ಹೆಸರನ್ನೇ ಇಟ್ಟರು. ಉಳಿದವರ ಕೂಸುಗಳು ಅಮ್ಮಾ ಅತ್ತಾ ಎನ್ನುವ ವಯಸ್ಸಿಗೆ ಲಾಳಿ ತುಟಿ ಆಡಿಸುತ್ತಿದ್ದಳು. ಸದ್ದಿಲ್ಲ. ಶೆಡ್ಡಿನ ಆ ಕಡೆಯಿಂದ ಅಮ್ಮನ ಕಡೆ ನೋಡಿ ಹಾಲು ಕೇಳುವಳು. ಅಮ್ಮ ಇಲ್ಲಿಂದಲೇ ತುಟಿಯಲ್ಲಿ, ತಾಳು ಎನ್ನುವಳು. ಮಗು ತಾಳುತ್ತಿತ್ತು. ಒಂದು ದಿನ ಬಾಗಿಲಲ್ಲಿ ನಿಂತಿದ್ದ ಲಾಳಿ ಇಡೀ ಸಾಲಿಗೆ ಕಾಣುವಂತೆ ಮುಖ ತಿರುಗಿಸಿ ತುಟಿಯಲ್ಲಿ ಹೇಳಿದಳು: ಮೇಸ್ತ್ರಿ ಬಂದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಮಗ್ಗದ ದೊಡ್ಡಮ್ಮ ಮಗುವನ್ನೆತ್ತಿ ಮುತ್ತಿಟ್ಟಳು. "ಹುಟ್ಟಾ ಮಗ್ಗದವಳು ಕಣೇ ಇವಳು!" ಎಂದು ತುಟಿಯಲ್ಲೇ ಹೊಗಳಿದಳು.

ತಾಯಿಗೆ ಹೆಮ್ಮೆ. ಮನೆಗೆ ಬಂದ ಮೇಲೂ ಅದೇ ಮಾತು. ಇಡೀ ದಿನದ ಅಭ್ಯಾಸ, ನಾಲಿಗೆ ಸೋತಿರುತ್ತಿತ್ತು. ಅನ್ನ ಬಡಿಸುತ್ತ ಅಮ್ಮ ತುಟಿ ಆಡಿಸುವಳು, ಮಗು ತುಟಿ ಆಡಿಸುವುದು. ಅತ್ತೆ ರೇಗುತ್ತಿದ್ದರು.

"ಏನೇ ಅದು ಇಬ್ಬರೂ ಮೀನಿನ ಹಾಗೆ ಬಾಯಾಡಿಸ್ತೀರ? ಮನುಷ್ಯರ ಹಾಗೆ ಮಾತಾಡ್ರೇ. ನಾನೂ ಒಬ್ಬಳು ಈ ಮನೇಲಿದೀನಿ."

ಅತ್ತೆಗೆ ಒಂದಕ್ಷರ ಬಾರದು. ಆದರೆ ದೇವರ ಪದಗಳು ಎಷ್ಟು ಬರುತ್ತಿದ್ದವೋ ಅವರಿಗೇ ತಿಳಿಯದು. ತಾಯಿಯ ಬಾಯಿಂದ ಕೇಳಿ ಕಲಿತದ್ದು. ಸಂಜೆ ಕೈಕಾಲು ತೊಳೆದು, ಗೋಡೆಗೊರಗಿ, ಕಣ್ಣು ಮುಚ್ಚಿ ಶುರುಮಾಡಿದರೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಲಾಳಿ ಅಜ್ಜಿಯ ಮಡಿಲಲ್ಲಿ ಕೂತು ಅವರ ಗಂಟಲ ಮೇಲೆ ಕೈಯಿಟ್ಟುಕೊಳ್ಳುವಳು. ಕೆಲವು ದಿನಕ್ಕೆ ಅವಳೂ ಗುನುಗಿದಳು. ರಾಗ ತಪ್ಪದೆ ಬಂತು. ಪದ ಒಂದೂ ಬರಲಿಲ್ಲ.

"ಬರುತ್ತೆ ಬಿಡೇ," ಎಂದರು ಅತ್ತೆ. "ನಿನ್ನ ಗಂಡನೂ ತಡವಾಗೇ ಮಾತಾಡಿದ್ದು. ಈಗ ನೋಡು, ಬಾಯಿ ಮುಚ್ಚಿಸೋಕಾಗುತ್ತಾ? ನಾಲಿಗೆ ದೇವರು ಕೊಟ್ಟಿದ್ದು, ಎಲ್ಲಿಗೂ ಹೋಗಲ್ಲ."

ಲಸಿಕೆ ಹಾಕಲು ಬಂದ ನರ್ಸಮ್ಮ ಒಬ್ಬಳೇ ಮಗುವನ್ನು ನಿಲ್ಲಿಸಿಕೊಂಡು ನೋಡಿದ್ದು. ಬೆನ್ನ ಹಿಂದೆ ಬೀಗದ ಕೈ ಅಲ್ಲಾಡಿಸಿದಳು. ಮಗು ತಿರುಗಿತು. ಏನೇನೋ ಕೇಳಿದಳು. ಮಗು ಅವಳ ಬಾಯಿ ನೋಡಿತು, ಉತ್ತರ ಹೇಳಲಿಲ್ಲ.

"ಕಿವಿ ಸರಿ ಇದೆ. ಮಾತು ಕಟ್ಟೋಕೆ ಕಷ್ಟ ಆಗ್ತಿದೆ ಇದಕ್ಕೆ," ಎಂದಳು ನರ್ಸಮ್ಮ. "ದೊಡ್ಡಾಸ್ಪತ್ರೇಲಿ ಮಾತು ಕಲಿಸೋರಿದಾರೆ. ವಾರ ವಾರ ಕರ್ಕೊಂಡು ಹೋಗು. ಈಗ ಎಳೇದು, ಹೇಳಿದ್ದು ಹಿಡಿಯುತ್ತೆ. ಇನ್ನೊಂದು ಮಾತು ಕೇಳಿಸ್ಕೋ. ನಾಲ್ಕು ಮಾತು ಬಂತು ಅಂತ ಅರ್ಧಕ್ಕೆ ಬಿಟ್ಟುಬಿಡಬೇಡ. ಇಂಥ ಮಕ್ಕಳಿಗೆ ಮುಂದೆ ಓದೋವಾಗ ತೊಡಕಾಗುತ್ತೆ."

"ನಾವು ಮಗ್ಗದಲ್ಲಿ ತುಟಿಯಲ್ಲೇ ಮಾತಾಡ್ತೀವಲ್ಲ, ಅದಕ್ಕಾ ನರ್ಸಮ್ಮ?"

"ಅದಕ್ಕೋ, ಹುಟ್ಟಿನಿಂದಲೋ, ಯಾರು ಹೇಳ್ತಾರೆ? ಮೊದಲು ಕರ್ಕೊಂಡು ಹೋಗು."

ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ವಾರ ವಾರ ರಜೆನಾ? ಯಾಕೆ, ಜ್ವರಾನಾ?"

"ಜ್ವರ ಅಲ್ಲಣ್ಣ. ಮಗೂಗೆ ಮಾತು ಬರಲ್ಲ."

ಮೇಸ್ತ್ರಿ ನಕ್ಕ. ಪಕ್ಕದಲ್ಲಿದ್ದ ಗುಮಾಸ್ತನಿಗೂ ಕೇಳಲಿ ಎಂದು ದನಿ ಎತ್ತಿದ. "ಹೆಣ್ಣುಮಗೂಗೆ ಮಾತು ಬರಲ್ವಂತೆ ಕಣಯ್ಯ! ಒಂದ್ಸಲ ಬಂದ್ರೆ ನಿಲ್ಲಿಸೋದು ಹೇಗೆ ಅಂತ ಕೇಳೋಕೆ ರಜೆ ಹಾಕ್ತೀಯ ಆಮೇಲೆ. ಹೋಗಮ್ಮ, ಮಗ್ಗ ನಿಂತಿದೆ."

ರಜೆ ಸಿಗದಿದ್ದರೂ ಒಂದು ದಿನ ದೊಡ್ಡಾಸ್ಪತ್ರೆಗೆ ಹೋದಳು. ಬಸ್ಸು, ಮತ್ತೊಂದು ಬಸ್ಸು, ಉದ್ದದ ಬೆಂಚು. ಒಳಗೆ ಒಬ್ಬಳು ಹುಡುಗಿ ನೆಲದ ಮೇಲೆ ಕೂತು, ಮಗುವಿನ ಮುಂದೆ ಆಟಿಕೆಯಿಟ್ಟು, ಮಗು ದನಿ ತೆಗೆಯುವ ತನಕ ಸುಮ್ಮನೆ ಕಾದಳು. ಇಷ್ಟೇನಾ ಎನ್ನಿಸಿತು ತಾಯಿಗೆ. ಕಾಯುವುದು. ಅದೊಂದನ್ನು ಯಾರೂ ಮಾಡಿರಲಿಲ್ಲ. ಲಾಳಿ ಕೊನೆಗೆ "ಬಾ" ಎಂದಳು. ತಾಯಿ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಅವಳ ಮಗ್ಗಗಳ ಮುಂದೆ ಬೇರೊಬ್ಬಳು ನಿಂತಿದ್ದಳು. ಇವಳ ಕೈಗೆ ಪೊರಕೆ ಬಂತು. ಮಗ್ಗಗಳ ಕೆಳಗೆ ನುಸುಳಿ, ಬಗ್ಗಿ, ಹತ್ತಿಯ ಧೂಳು ಬಳಿಯುವ ಕೆಲಸ. ಮೂಗು ಕಟ್ಟಿತು, ಸೊಂಟ ಬಿತ್ತು, ಕೆಮ್ಮಿದರೆ ಬಿಳಿ ಉಂಡೆ ಬರುತ್ತಿತ್ತು. ಮಗ್ಗ ಮತ್ತೆ ಸಿಕ್ಕುವ ಹೊತ್ತಿಗೆ ಆಸ್ಪತ್ರೆಯ ದಾರಿ ಮರೆತಿತ್ತು. ಮರೆತಿತ್ತು ಎಂದು ಅವಳು ಹೇಳುತ್ತಿದ್ದಳು. ಮರೆಸಿದ್ದರು.

ಮಾತು ಬಂತು. ತಡವಾಗಿ ಬಂತು, ಹಿಂದುಮುಂದಾಗಿ ಬಂತು. ಲೋಟ ಎನ್ನಲು ಹೊಳೆಯದೆ "ಅದು... ನೀರು ಕುಡಿಯೋದು" ಎನ್ನುವಳು. ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದದ್ದನ್ನು ಹೇಳಲು ಹೋದರೆ ಮೊದಲು ಬಿದ್ದದ್ದು, ಆಮೇಲೆ ಓಡಿದ್ದು, ಕೊನೆಗೆ ನಾಯಿ. ಆದರೂ ದನಿ ಬಂತಲ್ಲ. ದೊಡ್ಡಮ್ಮ ಇಡೀ ಶೆಡ್ಡಿಗೆ ಸಿಹಿ ಹಂಚಿದಳು. ಅತ್ತೆ ದೇವರಿಗೆ ಕೈಮುಗಿದು, "ನಾನು ಹೇಳಲಿಲ್ವಾ?" ಎಂದರು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ತಿಳಿದರು.

ಶಾಲೆಯಲ್ಲಿ ಒಂದನೇ ಕ್ಲಾಸಿನಿಂದಲೂ ಮುಂದಿನ ಸಾಲು. ಟೀಚರ್ ಒಂದು ಸಾಲು ಓದಿದರೆ ಮಕ್ಕಳೆಲ್ಲ ಒಟ್ಟಿಗೆ ಓದಬೇಕು. ಲಾಳಿಯ ಪಕ್ಕದಲ್ಲಿ ಅಂಗಡಿಯವರ ಮಗಳು, ಚುರುಕು ಹುಡುಗಿ. ಲಾಳಿ ಅವಳ ಬಾಯಿ ನೋಡಿ ಬಾಯಿ ಆಡಿಸುತ್ತಿದ್ದಳು. ಗುಂಪಿನ ದನಿಯಲ್ಲಿ ಒಂದು ದನಿ ಇಲ್ಲದ್ದು ಯಾರಿಗೆ ಗೊತ್ತಾಗುತ್ತದೆ? "ಗುಡ್, ಎಲ್ಲರೂ ಚೆನ್ನಾಗಿ ಓದಿದಿರಿ," ಎಂದು ಟೀಚರ್ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಬರೆಯುವುದೂ ಹಾಗೆಯೇ. ನೋಡಿ ಬರೆಯುವಳು. ಅಕ್ಷರ ಮುದ್ದಾಗಿದೆ ಎಂದು ಹೊಗಳಿಸಿಕೊಂಡಿದ್ದಳು.

ಕಂಡುಹಿಡಿದವಳು ತಾಯಿ. ಒಂದು ಮಧ್ಯಾಹ್ನ ಕರೆಂಟು ಹೋಗಿ ಶೆಡ್ಡು ಬಾಗಿಲು ಹಾಕಿತು. ಬೇಗ ಬಂದು ಶಾಲೆಯ ಕಿಟಕಿಯ ಹೊರಗೆ ನಿಂತಳು. ಮಕ್ಕಳು ಒಟ್ಟಿಗೆ ಓದುತ್ತಿದ್ದರು. ಕೇಳಲು ಇಂಪಾಗಿತ್ತು. ಅವಳು ಕೇಳಲಿಲ್ಲ, ನೋಡಿದಳು. ಮಗಳ ಕಣ್ಣು ಪುಸ್ತಕದ ಮೇಲಿರಲಿಲ್ಲ. ಮಗಳ ತುಟಿ ಪಕ್ಕದ ಹುಡುಗಿಯ ತುಟಿಯ ಹಿಂದೆ ಓಡುತ್ತಿತ್ತು, ಕೂದಲೆಳೆಯಷ್ಟು ಹಿಂದೆ. ತೆರೆದಿದ್ದ ಪುಟವೇ ಬೇರೆ.

ಅವಳು ಒಂದು ತಪ್ಪು ಮಾಡಿದಳು. ಹೇಳಿದರೆ ಕಲಿಸುತ್ತಾರೆ ಎಂದು ನಂಬಿದಳು. ಬೆಲ್ ಆದ ಮೇಲೆ ಒಳಗೆ ಹೋಗಿ ಟೀಚರಿಗೆ ಎಲ್ಲ ಹೇಳಿದಳು. ಟೀಚರ್ ಲಾಳಿಯನ್ನು ನಿಲ್ಲಿಸಿ ಒಬ್ಬಳನ್ನೇ ಓದಿಸಿದರು. ಏನೂ ಇಲ್ಲ. 'ಮರ' ಎಂದು ಹೇಳಿ, ಮೊದಲು ಬರುವ ಅಕ್ಷರ ಯಾವುದು ಎಂದು ಕೇಳಿದರು. ಲಾಳಿ ಕಿಟಕಿಯಾಚೆಯ ಮರ ತೋರಿಸಿದಳು. ಅವಳಿಗೆ ಮಾತೆಂದರೆ ಒಂದೇ ಮುದ್ದೆ. ಅದನ್ನು ಮುರಿದರೆ ತುಂಡಾಗುತ್ತದೆ, ತುಂಡಿಗೊಂದು ದನಿಯಿದೆ, ದನಿಗೊಂದು ಅಕ್ಷರವಿದೆ ಎಂದು ಯಾರೂ ಅವಳ ಹತ್ತಿರ ಕೂತು ತೋರಿಸಿರಲಿಲ್ಲ.

"ಇಷ್ಟು ವರ್ಷ ನನಗೇ ಟೋಪಿ ಹಾಕಿದಾಳಲ್ಲ ಇವಳು!" ಎಂದರು ಟೀಚರ್. ಅವರ ಮುಖ ಕೆಂಪಾಗಿತ್ತು.

ಮರುದಿನ ಲಾಳಿ ಹಿಂದಿನ ಸಾಲಿಗೆ ಹೋದಳು. ಅಲ್ಲಿ ಮಗ್ಗದ ಕಡೆಯ ಇನ್ನಷ್ಟು ಮಕ್ಕಳಿದ್ದರು. ಅಲ್ಲಿಂದ ಯಾರ ಬಾಯಿಯೂ ಕಾಣುವುದಿಲ್ಲ. ಬರೀ ಜಡೆ, ಬರೀ ಬೆನ್ನು. ಹಿಂದಿನ ಸಾಲಿನವರಿಗೆ ಓದು ಇಲ್ಲ, ಕೆಲಸವಿದೆ. ಬೋರ್ಡು ಒರೆಸು. ನೀರು ತಾ. ಟೀಚರುಗಳು ಟೀ ಕುಡಿದಿಟ್ಟ ಕಪ್ಪು ತೊಳಿ. ಮಗಳ ಬೆರಳ ತುದಿ ನೆನೆದು ಸುಕ್ಕಾಗಿರುವುದನ್ನು ನೋಡಿ ತಾಯಿ ಮತ್ತೆ ಹೋಗಿ ಕೇಳಿದಳು.

"ಎಷ್ಟು ಮಕ್ಕಳಿದಾವೆ ನೋಡಮ್ಮ. ನನಗಿರೋದು ಒಂದು ಬಾಯಿ. ಮನೇಲಿ ಸ್ವಲ್ಪ ಹೇಳಿಕೊಡು."

"ನನಗೆ ಓದು ಬರಲ್ಲ ಮೇಡಂ."

"ಅದಕ್ಕೇ ಹೀಗೆ," ಎಂದರು. ಅಂದ ಮೇಲೆ ಅವರಿಗೇ ಕೆಡುಕೆನಿಸಿತೋ ಏನೋ, ದನಿ ತಗ್ಗಿಸಿದರು. "ಓದೋಕೆ ಬಾರದ ಮಕ್ಕಳು ಇಷ್ಟಿದಾರೆ ಅಂತ ಮೇಲಿನವರಿಗೆ ಗೊತ್ತಾದ್ರೆ, ಅವರಿಗೋಸ್ಕರಾನೇ ಬೇರೆ ಟೀಚರ್ ಕಳಿಸ್ತಾರೆ. ಪಕ್ಕದ ಶಾಲೆಗೆ ಬಂದಿದಾರೆ. ನಮ್ಮಲ್ಲಿ ಅಂಥವರು ಯಾರೂ ಇಲ್ಲ ಅಂತ ಹೆಡ್‌ಮಾಸ್ತರು ಹೇಳ್ಕೊಂಡು ಬಂದಿದಾರೆ. ನಾನು ಹೇಳ್ದೆ ಅನ್ನಬೇಡ."

ಹೀಗಿರುವಾಗ ಹೆಡ್‌ಮಾಸ್ತರರು ಗೇಟಿನ ಒಳಗೆ ನಿಂತು, ನಾಳೆ ಕಳಿಸಬೇಡ ಎಂದರು.

ದಾರಿಯಲ್ಲಿ ದೊಡ್ಡಮ್ಮ ಸಿಕ್ಕಳು. ಅವಳ ಮೊಮ್ಮಗನಿಗೂ ಅದೇ ಅಪ್ಪಣೆಯಾಗಿತ್ತು. "ಒಂದಿನ ತಾನೆ, ಮನೇಲಿ ಆಡ್ಕೊಂಡಿರಲಿ ಬಿಡೇ. ದೊಡ್ಡವರ ಹತ್ರ ಯಾಕೆ ನಿಷ್ಠೂರ?"

"ದೊಡ್ಡಮ್ಮ, ಸಾಹೇಬರ ಕಣ್ಣಿಗೆ ಬೀಳದಿದ್ರೆ ಟೀಚರ್ ಬರಲ್ಲ. ನೀನೂ ಕಳಿಸು. ಗೇಟಿನಲ್ಲಿ ತಡೀತಾರೆ, ನಾವೆಲ್ಲ ಜೊತೇಲಿ ಹೋಗಿ ಒಳಗೆ ಬಿಟ್ಟು ಬರೋಣ."

"ಬೆಳಗಿನ ಪಾಳಿ ನಿಮ್ಮಪ್ಪ ಬಂದು ಮಾಡ್ತಾನಾ?" ಎಂದು ದೊಡ್ಡಮ್ಮ ನಕ್ಕಳು. ನಗುತ್ತಲೇ ಅವಳ ಕಣ್ಣು ತಪ್ಪಿಸಿದಳು.

ಬೆಳಗ್ಗೆ ಅವಳು ಪಾಳಿಗೆ ಹೋಗಲಿಲ್ಲ. ಮಗಳ ತಲೆ ಬಾಚಿ, ಬಟ್ಟೆ ತೊಡಿಸಿ, ಕೈಹಿಡಿದು ಹೊರಟಳು. ಅತ್ತೆ ದೇವರ ಮುಂದಿನಿಂದ ಏಳದೆ, "ಅವಳಿಗೆ ನಾಲಿಗೆ ಕೊಟ್ಟವನು ಇವತ್ತು ಕೈಬಿಡಲ್ಲ," ಎಂದರು.

ಗೇಟಿಗೆ ಸುಣ್ಣ ಬಳಿದಿತ್ತು. ಹೆಡ್‌ಮಾಸ್ತರರು ಇಸ್ತ್ರಿ ಅಂಗಿಯಲ್ಲಿ ನಿಂತಿದ್ದರು.

"ಏನಮ್ಮ, ನಿನ್ನೆ ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಇವಳದೂ ಇದೇ ಶಾಲೆ."

"ನಾನು ನಿನ್ನ ಒಳ್ಳೇದಕ್ಕೆ ಹೇಳಿದ್ದು."

"ನನ್ನ ಒಳ್ಳೇದು ನನಗಿರಲಿ. ದಾರಿ ಬಿಡಿ ಸಾರ್."

ಅವಳ ದನಿ ಬೀದಿಗೆ ಹೋಯಿತು. ಶೆಡ್ಡಿನ ಹೊರಗೆ ಮಗ್ಗದವರ ದನಿಗೆ ಅಳತೆ ಇರುವುದಿಲ್ಲ. ದೂರದಲ್ಲಿ ಜೀಪಿನ ಸದ್ದಾಯಿತು. ಬೀದಿಯವರು ನೋಡುತ್ತಿದ್ದರು. ಹೆಡ್‌ಮಾಸ್ತರರು ಪಕ್ಕಕ್ಕೆ ಸರಿದರು.

ಹಿಂದಿನ ಸಾಲು ಖಾಲಿ ಇತ್ತು. ಲಾಳಿ ಒಬ್ಬಳೇ ಕೂತಳು. ಗೋಡೆಗೆ ಬೆನ್ನು ಕೊಟ್ಟು ತಾಯಿ ನಿಂತಳು. ಟೀಚರ್ ನೋಡಿ, ಬೋರ್ಡಿನ ಕಡೆ ತಿರುಗಿದರು.

ಸಾಹೇಬರು ಕೆಟ್ಟವರಲ್ಲ. ಮೆಲುದನಿ, ನಗುಮುಖ. ಮುಂದಿನ ಸಾಲಿನಿಂದ ಶುರುಮಾಡಿದರು. ಅಂಗಡಿಯವರ ಮಗಳು ನೀರು ಕುಡಿದ ಹಾಗೆ ಓದಿದಳು. ಒಬ್ಬೊಬ್ಬರಿಗೂ "ಶಾಭಾಸ್" ಎನ್ನುತ್ತ ಹಿಂದೆ ಬಂದರು.

"ಇವರು ಯಾರು?"

"ತಾಯಿ ಸಾರ್," ಎಂದರು ಹೆಡ್‌ಮಾಸ್ತರರು. "ಮಗೂಗೆ ಸ್ವಲ್ಪ ಹುಷಾರಿಲ್ಲ."

"ಹುಷಾರಾಗಿದಾಳೆ ಸ್ವಾಮಿ!" ಎಂದಳು ತಾಯಿ. ಮಕ್ಕಳು ಬೆಚ್ಚಿ ತಿರುಗಿದರು. "ಓದೋಕೆ ಬರಲ್ಲ. ಅದನ್ನ ನಿಮಗೆ ತೋರಿಸೋಕೇ ಕರ್ಕೊಂಡು ಬಂದೆ."

ಯಾರೋ ಕಿಸಕ್ಕೆಂದು ನಕ್ಕರು. ಸಾಹೇಬರು ಪುಸ್ತಕ ತೆರೆದು ಮಗುವಿನ ಮುಂದೆ ಹಿಡಿದರು. "ಹೆದರಬೇಡ ಪುಟ್ಟ. ಗಟ್ಟಿಯಾಗಿ ಓದು."

ಲಾಳಿ ಎದ್ದು ನಿಂತಳು. ಪುಸ್ತಕ ನೋಡಿದಳು. ಸಾಹೇಬರ ಬಾಯಿ ನೋಡಿದಳು. ಅದು ಮುಚ್ಚಿತ್ತು. ಟೀಚರನ್ನು ನೋಡಿದಳು. ಅವರು ನೆಲ ನೋಡುತ್ತಿದ್ದರು. ಕೊನೆಗೆ ಅಮ್ಮನ ಕಡೆ ತಿರುಗಿದಳು. ಅಮ್ಮನಿಗೆ ಆ ಪುಟದ ಒಂದಕ್ಷರವೂ ಗೊತ್ತಿಲ್ಲ. ಕೊಡಲು ಏನೂ ಇಲ್ಲದೆ ತಾಯಿ ತುಟಿ ಬಿಗಿದು ನಿಂತಳು.

"ಗಟ್ಟಿಯಾಗಿ," ಎಂದರು ಸಾಹೇಬರು ಇನ್ನೊಮ್ಮೆ, ಪ್ರೀತಿಯಿಂದ.

ಲಾಳಿ ಗಟ್ಟಿಯಾಗಿಯೇ ಶುರುಮಾಡಿದಳು. ತರಗತಿ ಒಟ್ಟಿಗೆ ಓದುವಾಗಿನ ರಾಗ, ಸಾಲಿನ ಕೊನೆಗೆ ಎಳೆಯುವ ಎಳೆತ, ನಿಲ್ಲುವಲ್ಲಿ ನಿಲುಗಡೆ, ಎಲ್ಲ ಇತ್ತು. ಪದ ಒಂದೂ ಇರಲಿಲ್ಲ. ಆ, ಊ, ಅನ್ನಾ, ಮೂ ಎಂದು ಬರೀ ದನಿ. ಪುಸ್ತಕದ ಮೇಲೆ ಬೆರಳಿಟ್ಟು ಸರಿಸುತ್ತ ಪುಟ ಮುಗಿಸಿದಳು. 

ತರಗತಿ ಭೋರೆಂದು ನಕ್ಕಿತು. ಟೀಚರ್ ಬೆತ್ತದಿಂದ ಮೇಜು ಬಡಿದರೂ ನಗು ನಿಲ್ಲಲಿಲ್ಲ. ಸಾಹೇಬರು ಮಗುವಿನ ತಲೆ ಸವರಿದರು.

"ಮಾತಿನಲ್ಲೇ ತೊಂದರೆ ಇರೋ ಮಗು," ಎಂದು ಹೆಡ್‌ಮಾಸ್ತರರ ಕಡೆ ತಿರುಗಿದರು. "ಇಂಥವರನ್ನ ಓದಿನ ಲೆಕ್ಕಕ್ಕೆ ಸೇರಿಸೋ ಹಾಗಿಲ್ಲ. ಇವರದು ಬೇರೆ. ಗೈರುಹಾಜರಿ ಅಂತ ಹಾಕ್ಕೊಳ್ಳಿ."

"ಬೇರೆ ಅಂದ್ರೆ ಎಲ್ಲಿ ಸ್ವಾಮಿ?"

"ಅದಕ್ಕಿನ್ನೂ ಏರ್ಪಾಡು ಆಗಿಲ್ಲಮ್ಮ. ಆಗುತ್ತೆ."

"ಇಲ್ಲೇ ನಿಂತಿದಾಳಲ್ಲ! ಬಂದಿದಾಳೆ ಅಂತ ಬರ್ಕೊಳ್ಳಿ. ಓದೋಕೆ ಬರಲ್ಲ ಅಂತ ಬರ್ಕೊಳ್ಳಿ. ಹಿಂದಿನ ಸಾಲಿನ ಮಕ್ಕಳೆಲ್ಲ ಮನೇಲಿದಾರೆ, ಅವರನ್ನೂ ಬರ್ಕೊಳ್ಳಿ. ಮಾತು ಬರಲ್ಲ ಅಂದ್ರೆ ರಜೆ ಕೊಡಲಿಲ್ಲ, ಓದೋಕೆ ಬರಲ್ಲ ಅಂದ್ರೆ ಕಪ್ಪು ತೊಳೆಸಿದ್ರು. ಇನ್ನು ಎಲ್ಲಿಗೆ ತಗೊಂಡು ಹೋಗಲಿ ಇವಳನ್ನ?"

ಸಾಹೇಬರ ಮುಖ ಸಣ್ಣದಾಯಿತು. ಗಡಿಯಾರ ನೋಡಿಕೊಂಡರು. "ನೋಡೋಣಮ್ಮ," ಎಂದರು. ಮುಂದಿನ ಕ್ಲಾಸಿಗೆ ಹೋದರು.

ನಗು ಆಗ ನಿಂತಿತ್ತು. ಲಾಳಿ ಅಮ್ಮನ ಕೈ ಜಗ್ಗಿದಳು.

"ನಾನು ನಾಳೆ ಬರಲ್ಲ," ಎಂದಳು.

ಎಲ್ಲರಿಗೂ ಕೇಳಿಸಿತು. ಒಂದು ಪದವೂ ಹಿಂದುಮುಂದಾಗಿರಲಿಲ್ಲ. ಅವಳು ಹುಟ್ಟಿದಾಗಿನಿಂದ ಅಷ್ಟು ನೆಟ್ಟಗೆ ಮಾತಾಡಿದ್ದನ್ನು ತಾಯಿ ಕೇಳಿರಲಿಲ್ಲ.

ಸಾಹೇಬರ ಹಿಂದೆ ಹೊರಟಿದ್ದ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ತಿರುಗಿದರು. "ಮಗೂನೇ ಹೇಳ್ತಿದೆ ನೋಡಮ್ಮ. ಕರ್ಕೊಂಡು ಹೋಗು."

"ಗಂಟೆ ಹೊಡೆಯೋವರೆಗೂ ಶಾಲೆ ಇದೆ," ಎಂದಳು ತಾಯಿ. ಮಗಳ ಪಕ್ಕದಲ್ಲಿ ಹಿಂದಿನ ಸಾಲಿನ ಚಾಪೆಯ ಮೇಲೆ ಕೂತಳು. ಮಂಡಿ ಲಟಲಟ ಎಂದಿತು. ಮಗಳು ಎಳೆದಳು, ಜಗ್ಗಿದಳು, ಅತ್ತಳು, ಕೊನೆಗೆ ಬೆನ್ನಿಗೆ ಗುದ್ದಿದಳು. ಪುಟ್ಟ ಮುಷ್ಟಿ, ಆದರೂ ನೋಯುತ್ತಿತ್ತು. ಯಾರಿಗಾಗಿ ಕೂತಿದ್ದೇನೆ ಎಂದು ತಾಯಿಗೇ ತಿಳಿಯದಾಯಿತು. ಎದ್ದು ಹೋದರೆ ನಾಳೆ ಮಗಳಿಗೆ ಈ ಚಾಪೆಯೂ ಇರುವುದಿಲ್ಲ ಎಂಬುದೊಂದು ಗೊತ್ತಿತ್ತು.

ಟೀಚರ್ ಸ್ವಲ್ಪ ಹೊತ್ತು ಕಾದರು. ಆಮೇಲೆ ಪುಸ್ತಕ ತೆರೆದು ಒಂದು ಸಾಲು ಓದಿದರು. ಮಕ್ಕಳೆಲ್ಲ ಒಟ್ಟಿಗೆ ಓದಿದರು. ಇನ್ನೊಂದು ಸಾಲು. ತಾಯಿ ಮುಂದಿನವರ ಬೆನ್ನು ನೋಡುತ್ತ ಕೂತೇ ಇದ್ದಳು.